ಘಮವೇ ಬೇರೆ, ಘಾಟೇ ಬೇರೆ

ಹಬನೆರೊ ತಳಿಗಳನ್ನು ಹಿತ್ತಲಲ್ಲಿ ಬೆಳೆದು ಹೋಲಿಸುವವರು ಖಾರದ ಅಂಕಿಗಿಂತ ಮೊದಲು ಮೂಗನ್ನು ನಂಬಬೇಕು

ಕಾದ ಬಾಣಲೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಮನೆ ಘಮ್ಮೆನ್ನುತ್ತದೆ. ಸಿಪ್ಪೆ ಉಬ್ಬಿ ಕಡುಗೆಂಪಾಗುವಷ್ಟರಲ್ಲಿ ಜಗಲಿಯಲ್ಲಿ ಕೂತವರಿಗೂ ಒಳಗೆ ಹುಳಿಪುಡಿಗೆ ಹುರಿಯುತ್ತಿದ್ದಾರೆಂದು ಗೊತ್ತಾಗುತ್ತದೆ. ಉರಿ ಸ್ವಲ್ಪ ಹೆಚ್ಚಾಗಿ, ಕೈ ಒಂದು ಗಳಿಗೆ ತಡವಾದರೆ ಅದೇ ಬಾಣಲೆಯಿಂದ ಇನ್ನೊಂದು ಏಳುತ್ತದೆ. ಒಬ್ಬರು ಸೀನುತ್ತಾರೆ, ಇನ್ನೊಬ್ಬರು ಕೆಮ್ಮುತ್ತ ಕಿಟಕಿ ತೆರೆಯುತ್ತಾರೆ, ಮಗುವನ್ನು ಎತ್ತಿಕೊಂಡು ಯಾರಾದರೂ ಅಂಗಳಕ್ಕೆ ನಡೆಯುತ್ತಾರೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕಾಡಂಚಿನ ಜವಳಗಿರಿಯಲ್ಲೂ ಗಡಿಯಾಚೆಯ ಆನೇಕಲ್ಲಿನಲ್ಲೂ ಅಡುಗೆಮನೆಯ ಈ ನೋಟ ಒಂದೇ. ಕನ್ನಡ ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದೆ: ಮೊದಲು ಬಂದದ್ದು ಘಮ, ಆಮೇಲೆ ಬಂದದ್ದು ಘಾಟು. ಎರಡೂ ಒಂದೇ ಕಾಯಿಂದ ಹೊರಟರೂ ಅವುಗಳ ಮೂಲವಸ್ತು ಬೇರೆ, ನಮ್ಮನ್ನು ತಲುಪುವ ದಾರಿಯೂ ಬೇರೆ.

ಈ ವ್ಯತ್ಯಾಸವನ್ನು ಈಗ ಮತ್ತೆ ನೆನೆಯಬೇಕಾಗಿದೆ. ತಾರಸಿ ತೋಟ ಮಾಡುವವರ, ಹಿತ್ತಲಲ್ಲಿ ನಾಲ್ಕು ಕುಂಡ ಇಟ್ಟವರ ಕೈಗೆ ಹಬನೆರೊ ಎಂಬ ಮೆಣಸಿನಕಾಯಿಯ ಬೀಜ ಸುಲಭವಾಗಿ ಸಿಗುತ್ತಿದೆ. ಕಿತ್ತಳೆ, ಕೆಂಪು, ಬಿಳಿ, ಚಾಕೊಲೇಟ್ ಹೀಗೆ ಬಣ್ಣಕ್ಕೊಂದು ಪೊಟ್ಟಣ, ಪೊಟ್ಟಣಕ್ಕೊಂದು ಖಾರದ ಅಂಕಿ. ಕೊಳ್ಳುವವರು ಮೊದಲು ನೋಡುವುದು ಆ ಅಂಕಿಯನ್ನೇ. ಬೆಳೆದ ಮೇಲೆ ಹೋಲಿಸುವುದೂ ಯಾವುದು ಹೆಚ್ಚು ಉರಿಯಿತು ಎಂಬುದನ್ನೇ. ಈ ಅಳತೆ ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ. ಖಾರ ಬಹುತೇಕ ಎಲ್ಲ ಮೆಣಸಿನಕಾಯಿಗೂ ಸಮಾನವಾದ ಗುಣ, ಹೆಚ್ಚು ಕಡಿಮೆಯ ವ್ಯತ್ಯಾಸ ಮಾತ್ರ. ತಳಿಯಿಂದ ತಳಿಯನ್ನು ಬೇರೆ ಮಾಡಿ ತೋರಿಸುವುದು ಘಮ. ಆದ್ದರಿಂದ ಮನೆಯಲ್ಲಿ ಬೆಳೆದ ಹಬನೆರೊಗಳ ಹೋಲಿಕೆ ಘಮದಿಂದ ಶುರುವಾಗಬೇಕು, ಖಾರ ಅದರ ಹಿಂದೆ ಬರಬೇಕು.

ಹವಾನಾ ಹೆಸರಿನ ಕಾಯಿ

ನಮ್ಮ ಬ್ಯಾಡಗಿ, ಗುಂಟೂರು, ತಮಿಳುನಾಡಿನ ಗುಂಡು ಮೆಣಸಿನಕಾಯಿ, ಹೊಸೂರಿನ ಸುತ್ತ ಪಾಲಿಹೌಸುಗಳಲ್ಲಿ ಬೆಳೆಯುವ ದೊಣ್ಣೆ ಮೆಣಸಿನಕಾಯಿ, ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ: ಕ್ಯಾಪ್ಸಿಕಂ ಆನ್ಯುಮ್. ಹಬನೆರೊ ಅದರ ದಾಯಾದಿ, ಕ್ಯಾಪ್ಸಿಕಂ ಚೈನೆನ್ಸ್ ಎಂಬ ಇನ್ನೊಂದು ಜಾತಿ. ಹೆಸರಲ್ಲಿ ಚೀನಾ ಇದ್ದರೂ ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 1776ರಲ್ಲಿ ಹೆಸರಿಟ್ಟ ಸಸ್ಯವಿಜ್ಞಾನಿ ನಿಕೊಲಾಸ್ ಜಾಕ್ವಿನ್ ಅದು ಚೀನಾದಿಂದ ಬಂದದ್ದೆಂದು ತಿಳಿದಿದ್ದ. ತಪ್ಪು ಹಾಗೆಯೇ ಉಳಿಯಿತು. ಹಬನೆರೊ ಎಂದರೆ ಹವಾನಾದ್ದು ಎಂದರ್ಥ. ಕ್ಯೂಬಾದ ಆ ಬಂದರಿನ ಹೆಸರು ಹೊತ್ತ ಕಾಯಿ ಇವತ್ತು ಮನೆ ಮಾಡಿಕೊಂಡಿರುವುದು ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದಲ್ಲಿ. ನಮ್ಮ ದೇಶದಲ್ಲಿ ಅದರ ಹತ್ತಿರದ ನೆಂಟ ಈಶಾನ್ಯ ರಾಜ್ಯಗಳ ಭೂತ್ ಜೊಲೊಕಿಯಾ. ನಾಗಾಲ್ಯಾಂಡಿನಲ್ಲಿ ಅದನ್ನು ನಾಗಾ ಮಿರ್ಚಾ, ರಾಜಾ ಮಿರ್ಚಾ ಎನ್ನುತ್ತಾರೆ.

ಕಾಯಿ ನೋಡಲು ಚಿಕ್ಕ ಲಾಟೀನಿನಂತೆ, ಮೈಮೇಲೆ ಸುಕ್ಕು, ತುದಿ ತುಸು ಚೂಪು, ತೂಕ ಸುಮಾರು ಹತ್ತು ಗ್ರಾಂ. ಸಿಪ್ಪೆ ತೆಳು. ಉಗುರಿನಿಂದ ಗೀರಿದರೆ ಸಾಕು, ಮಾಗಿದ ಏಪ್ರಿಕಾಟನ್ನೋ ಅನಾನಸನ್ನೋ ನೆನಪಿಸುವ ಹಣ್ಣಿನ ವಾಸನೆ ಏಳುತ್ತದೆ. ಮೆಣಸಿನಕಾಯಿ ಎಂದರೆ ಸೊಪ್ಪಿನ ಹಸಿವಾಸನೆ ಎಂದುಕೊಂಡ ಮೂಗಿಗೆ ಇದು ಹೊಸತು. ಕಿತ್ತಳೆ ಬಣ್ಣದ್ದು ಎಲ್ಲಕ್ಕಿಂತ ಸಾಮಾನ್ಯ. ಕೆಂಪಿನಲ್ಲಿ ಹೆಸರಾದದ್ದು ರೆಡ್ ಸವೀನಾ: ಕ್ಯಾಲಿಫೋರ್ನಿಯಾದಲ್ಲಿ ಆಯ್ದ ಈ ತಳಿ 1994ರಲ್ಲಿ, ಖಾರದ ಅಳತೆಯಾದ ಸ್ಕೊವಿಲ್‌ನಲ್ಲಿ 5,77,000 ಅಂಕದೊಂದಿಗೆ, ಗಿನ್ನೆಸ್ ದಾಖಲೆ ಸೇರಿತು. ಸಾಮಾನ್ಯ ಹಬನೆರೊಗೆ ಹೇಳುವ ಅಂಕಿ 1 ಲಕ್ಷದಿಂದ 3.5 ಲಕ್ಷ. ಚಾಕೊಲೇಟ್ ಬಣ್ಣದ್ದು ಮಾಗುವಾಗ ಕೆಂಪು ಏರಿದರೂ ಹಸಿರು ಪೂರ್ತಿ ಇಳಿಯುವುದಿಲ್ಲ. ಎರಡೂ ಬೆರೆತು ಕಂದಾಗುತ್ತದೆ. ಬಣ್ಣಕ್ಕೂ ಖಾರಕ್ಕೂ ನೇರ ನಂಟಿಲ್ಲ. ಬಣ್ಣದ ವಂಶಗುಣ ಬೇರೆ, ಖಾರದ್ದು ಬೇರೆ; ಬಿಳಿ ಕಾಯಿ ಸಪ್ಪೆ ಇದ್ದೀತು ಎಂದುಕೊಂಡು ಕಚ್ಚಿದವರ ಬಾಯಿ ಉರಿಯುವುದು ಖಚಿತ.

ಉರಿಯ ಮೂಲ

ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿದರೆ ತೊಟ್ಟಿನಿಂದ ಕೆಳಗಿಳಿದ ಬಿಳಿ ನಾರು, ಅದಕ್ಕೆ ಅಂಟಿಕೊಂಡ ಬೀಜ ಕಾಣುತ್ತವೆ. ಖಾರ ಬೀಜದಲ್ಲಿದೆ ಎಂಬುದು ಎಲ್ಲರ ನಂಬಿಕೆ. ನಿಜವಾಗಿ ಖಾರ ತಯಾರಾಗುವುದು ಆ ಬಿಳಿ ನಾರಿನಲ್ಲಿ. ಪಕ್ಕದಲ್ಲೇ ಇರುವುದರಿಂದ ಬೀಜಕ್ಕೂ ಮೆತ್ತಿಕೊಳ್ಳುತ್ತದೆ, ಅಷ್ಟೆ. ಕ್ಯಾಪ್ಸೈಸಿನ್ ಮತ್ತು ಅದರ ಜೊತೆಯ ಕೆಲವು ವಸ್ತುಗಳೇ ಈ ಖಾರ. ಬಾಣಲೆಯಿಂದ ಎದ್ದ ಘಾಟೂ ಇವುಗಳದೇ. ಅತಿ ಖಾರದ ಕೆಲವು ತಳಿಗಳಲ್ಲಿ ಮಾತ್ರ ಕಾಯಿಯ ಒಳಗೋಡೆಯ ಮೇಲೂ ಖಾರದ ಸಣ್ಣ ಗುಳ್ಳೆಗಳು ಹರಡಿಕೊಳ್ಳುತ್ತವೆ. ಹಾಗಾಗಿ ಹಬನೆರೊದ ನಾರು ಕಿತ್ತು ತುದಿಯ ಸಿಪ್ಪೆಯನ್ನಷ್ಟೇ ಉಳಿಸಿಕೊಂಡರೆ ಖಾರ ಬಹುಮಟ್ಟಿಗೆ ಇಳಿಯುತ್ತದೆ, ಘಮ ಉಳಿಯುತ್ತದೆ. ಎರಡೂ ಬೇರೆ ಎಂಬುದಕ್ಕೆ ಅಡುಗೆಮನೆಯ ಚಾಕುವೇ ಕೊಡುವ ಮೊದಲ ಸಾಕ್ಷಿ ಇದು.

ಕ್ಯಾಪ್ಸೈಸಿನ್‌ಗೆ ವಾಸನೆಯಿಲ್ಲ. ನಾಲಿಗೆ ಗುರುತಿಸುವ ಸಿಹಿ, ಹುಳಿ, ಉಪ್ಪು, ಕಹಿಗಳ ಸಾಲಿಗೂ ಅದು ಸೇರುವುದಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೆ ಎಚ್ಚರಾಗುವ ಒಂದು ಬಾಗಿಲು ನಮ್ಮ ನರಗಳ ತುದಿಯಲ್ಲಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. ಆದ್ದರಿಂದಲೇ ಮಿದುಳು ಸುಟ್ಟಿತು ಎಂದು ತಿಳಿಯುತ್ತದೆ, ಮೈ ಬೆವರುತ್ತದೆ. ಈ ಬಾಗಿಲನ್ನು ಅಮೆರಿಕದ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. ಆ ಕೆಲಸಕ್ಕೆ ಅವರು 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಬಾಯಿ ಉರಿಯಿತು ಎಂದು ನಾವು ಹೇಳುವುದು ಬರೀ ಮಾತಲ್ಲ, ನರಗಳ ಮಟ್ಟಿಗೆ ಅದು ನಿಜವಾದ ಉರಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ನೀರು ಕುಡಿದರೆ ಉರಿ ಇಳಿಯದು. ಮೊಸರು, ಹಾಲು, ತುಪ್ಪ ಇಳಿಸುತ್ತವೆ.

ಗಿಡಕ್ಕೆ ಈ ಉರಿ ಬೇಲಿಯ ಕೆಲಸ ಮಾಡುತ್ತದೆ. ಹಕ್ಕಿಗಳ ನರದಲ್ಲಿರುವ ಆ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ. ಅವು ಹಣ್ಣು ತಿಂದು ಬೀಜವನ್ನು ಮುರಿಯದೆ ದೂರಕ್ಕೆ ಒಯ್ಯುತ್ತವೆ. ಬೀಜ ಅಗಿದು ಹಾಳುಮಾಡುವ ಇಲಿ, ಹೆಗ್ಗಣಗಳಿಗೆ ಉರಿ ತಾಗುತ್ತದೆ. ರಾಗಿ ಮಾಗುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಇಳಿಯುವ ಜವಳಗಿರಿಯಂಥ ಕಾಡಂಚಿನ ಊರುಗಳಿಗೆ ಇದು ಹತ್ತಿರದ ವಿಷಯ. ಆಫ್ರಿಕಾದಲ್ಲೂ ಅಸ್ಸಾಮಿನಲ್ಲೂ ಮೆಣಸಿನಕಾಯಿ ಲೇಪಿಸಿದ ಹಗ್ಗದ ಬೇಲಿ, ಮೆಣಸಿನಕಾಯಿಯ ಹೊಗೆ ಬಳಸಿ ಆನೆ ತಡೆಯುವ ಪ್ರಯೋಗಗಳು ನಡೆದಿವೆ. ಫಲ ಎಲ್ಲ ಕಡೆ ಒಂದೇ ಸಮ ಬಂದಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಖಾರ ಇರುವುದು ತಡೆಯಲು. ತಡೆಯುವ ಗುಣವೊಂದನ್ನೇ ಅಳೆದು ಊಟದ ಪದಾರ್ಥಕ್ಕೆ ದರ್ಜೆ ಕೊಡುವುದು, ಬೇಲಿಯ ಎತ್ತರ ನೋಡಿ ತೋಟಕ್ಕೆ ಬೆಲೆ ಕಟ್ಟಿದಂತೆ.

ಘಮದ ಮೂಲ

ಘಮದ ಲೆಕ್ಕವೇ ಬೇರೆ. ಅಲ್ಲಿ ಒಂದು ವಸ್ತುವಲ್ಲ, ಗಾಳಿಗೆ ಹಾರುವ ಹತ್ತಾರು ವಸ್ತುಗಳು ಒಟ್ಟುಗೂಡಿರುತ್ತವೆ. ದೊಣ್ಣೆ ಮೆಣಸಿನಕಾಯಿಯ ಹಸಿವಾಸನೆಗೆ ಮುಖ್ಯ ಕಾರಣ ಪೈರಜೀನ್ ಗುಂಪಿನ ಒಂದು ವಸ್ತು. ಲಕ್ಷ ಕೋಟಿ ಭಾಗ ನೀರಿನಲ್ಲಿ ಅದು ಎರಡು ಭಾಗವಿದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಹಬನೆರೊದ ಹಣ್ಣಿನ ವಾಸನೆಗೆ ಎಸ್ಟರುಗಳೆಂಬ ವಸ್ತುಗಳು ಕಾರಣ. ಬಾಳೆಹಣ್ಣು, ಅನಾನಸುಗಳ ಘಮದಲ್ಲೂ ಇದೇ ಬಳಗವಿದೆ. ಕಾಯಿ ಹಸಿರಿರುವಾಗ ಸೊಪ್ಪಿನ ವಾಸನೆ ಮುಂದಿರುತ್ತದೆ, ಬಣ್ಣ ತಿರುಗುತ್ತ ಹಣ್ಣಿನ ವಾಸನೆ ಮೇಲೇಳುತ್ತದೆ. ಈ ಬೆರಕೆಯ ಹದ ಪ್ರತಿ ತಳಿಯಲ್ಲೂ ಬೇರೆ. ಗುಂಟೂರಿನ ಕ್ಯಾಪ್ಸೈಸಿನ್ ಮತ್ತು ಹಬನೆರೊದ ಕ್ಯಾಪ್ಸೈಸಿನ್ ಒಂದೇ ಅಣು. ಗುಂಟೂರಿನ ಘಮ ಮತ್ತು ಹಬನೆರೊದ ಘಮ ಮಾತ್ರ ಎಂದಿಗೂ ಒಂದಲ್ಲ.

ಖಾರ, ಘಮಗಳನ್ನು ಬಿಡಿಸಬಹುದೇ ಎಂಬ ಪ್ರಶ್ನೆಗೆ ತಳಿ ವಿಜ್ಞಾನಿಗಳು ಉತ್ತರ ಕೊಟ್ಟಿದ್ದಾರೆ. ನ್ಯೂ ಮೆಕ್ಸಿಕೊ ರಾಜ್ಯ ವಿಶ್ವವಿದ್ಯಾಲಯ 2004ರಲ್ಲಿ ನ್ಯೂಮೆಕ್ಸ್ ಸ್ವಾವೇ ಎಂಬ ಕೆಂಪು ಮತ್ತು ಕಿತ್ತಳೆ ತಳಿಗಳನ್ನು ಹೊರತಂದಿತು. ಹಬನೆರೊದ ಆಕಾರ, ಹಬನೆರೊದ ಘಮ, ಖಾರ ಮಾತ್ರ ಸಾವಿರ ಸ್ಕೊವಿಲ್‌ಗೂ ಕಡಿಮೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಮಝೂರೆಕ್ ಬೆಳೆಸಿದ ಹಬನಾಡಾ ಇನ್ನೂ ಮುಂದೆ ಹೋಯಿತು: ಅದರಲ್ಲಿ ಖಾರವೇ ಇಲ್ಲ, ಘಮ ತುಂಬಿಕೊಂಡಿದೆ. ಖಾರ ಬರಬೇಕೋ ಬೇಡವೋ ಎಂಬುದನ್ನು ಮುಖ್ಯವಾಗಿ ಒಂದೇ ವಂಶವಾಹಿ ನಿರ್ಧರಿಸುತ್ತದೆ ಎಂದು 2005ರಲ್ಲಿ ಸ್ಪಷ್ಟವಾಯಿತು. ದೊಣ್ಣೆ ಮೆಣಸಿನಕಾಯಿಯಲ್ಲಿ ಅದು ಕೆಟ್ಟಿದೆ, ಆದ್ದರಿಂದ ಅದು ಸಪ್ಪೆ. ಉರಿ ತೆಗೆದ ಮೇಲೂ ಹಬನೆರೊ ಹಬನೆರೊ ಆಗಿಯೇ ಉಳಿಯಿತು ಎಂದಮೇಲೆ ಅದರ ತನ್ನತನ ಉರಿಯಲ್ಲಿ ಇರಲಿಲ್ಲ ಎಂದೇ ಅರ್ಥ.

ಅಂಕಿ ಎಷ್ಟು ಹೇಳುತ್ತದೆ

ಖಾರದ ಅಂಕಿಗೆ ಹೆಸರು ಕೊಟ್ಟವರು ವಿಲ್ಬರ್ ಸ್ಕೊವಿಲ್. ಅಮೆರಿಕದ ಔಷಧ ಕಂಪನಿಯೊಂದರಲ್ಲಿದ್ದ ಅವರು 1912ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಒಣಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತ ಹೋಗುವುದು, ರುಚಿ ನೋಡುವವರಿಗೆ ಉರಿ ಗೊತ್ತಾಗದ ಹಂತ ಬಂದಾಗ ಎಷ್ಟು ಪಟ್ಟು ತೆಳುವಾಯಿತು ಎಂದು ಬರೆದುಕೊಳ್ಳುವುದು. ಒಂದೆರಡು ಸಲಕ್ಕೇ ನಾಲಿಗೆ ದಣಿಯುವುದರಿಂದ ಈಗ ಯಂತ್ರದಲ್ಲಿ ಕ್ಯಾಪ್ಸೈಸಿನ್ ಪ್ರಮಾಣ ಅಳೆದು, ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ 16 ಅಂಕದಂತೆ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ 2 ಲಕ್ಷ ಅಂಕದ ಹಬನೆರೊದಲ್ಲಿ ಒಣ ತೂಕದ ನೂರಕ್ಕೆ ಸುಮಾರು ಒಂದೂಕಾಲು ಭಾಗ ಖಾರದ ವಸ್ತು. ಒಣ ತೂಕ ಎಂಬ ಮಾತನ್ನು ಗಮನಿಸಬೇಕು. ಹಸಿ ಹಬನೆರೊದಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ನೀರು. ಹತ್ತು ಗ್ರಾಂ ತೂಗುವ ಕಾಯಿಯಲ್ಲಿ ನಿಜಕ್ಕೂ ಇರುವ ಕ್ಯಾಪ್ಸೈಸಿನ್ ಹನ್ನೆರಡು ಮಿಲಿಗ್ರಾಂ ಆಸುಪಾಸು. ಪೊಟ್ಟಣದ ಅಂಕಿ ಒಣಗಿಸಿದ ಪುಡಿಯದು, ಚಟ್ನಿಗೆ ಹಾಕುವ ಹಸಿ ಕಾಯಿಯದಲ್ಲ.

ಇದಕ್ಕಿಂತ ದೊಡ್ಡ ತೊಡಕು, ಅಂಕಿ ತಳಿಯೊಂದರದೇ ಅಲ್ಲದಿರುವುದು. ನಮ್ಮ ದೇಶದ್ದೇ ಉದಾಹರಣೆ ಇದೆ. ಅಸ್ಸಾಮಿನ ತೇಜಪುರದ ರಕ್ಷಣಾ ಸಂಶೋಧನಾ ಪ್ರಯೋಗಾಲಯ 2000ದಲ್ಲಿ ಅಲ್ಲಿನ ಭೂತ್ ಜೊಲೊಕಿಯಾಕ್ಕೆ 8,55,000 ಅಂಕ ಇದೆ ಎಂದು ಪ್ರಕಟಿಸಿತು. ಮುಂದೆ ನ್ಯೂ ಮೆಕ್ಸಿಕೊದಲ್ಲಿ ಬೆಳೆದು ಅಳೆದಾಗ 10,01,304 ಬಂತು. 2007ರಲ್ಲಿ ಗಿನ್ನೆಸ್ ಅದನ್ನು ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ದಾಖಲಿಸಿತು. ಅದೇ ತಳಿ ಗ್ವಾಲಿಯರಿನ ಒಣ ಹವೆಯಲ್ಲಿ ಬೆಳೆದಾಗ ತೇಜಪುರದ ಕಾಯಿಗೆ ಹೋಲಿಸಿದರೆ ಕ್ಯಾಪ್ಸೈಸಿನ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಮಣ್ಣು, ನೀರು, ಬಿಸಿಲು, ರಾತ್ರಿಯ ತಂಪು ಎಲ್ಲವೂ ಖಾರವನ್ನು ಏರಿಸುತ್ತವೆ, ಇಳಿಸುತ್ತವೆ. ಒಂದೇ ಗಿಡದ ಎರಡು ಕಾಯಿಯಲ್ಲೂ ಖಾರ ಸಮ ಇರುವುದಿಲ್ಲ. ಕಾಯಿ ಕಚ್ಚಿ ಸುಮಾರು 40–50 ದಿನಕ್ಕೆ ಖಾರ ತುದಿ ಮುಟ್ಟಿ, ಆಮೇಲೆ ಇಳಿಯಲಾರಂಭಿಸುತ್ತದೆ. ಎಲ್ಲೋ ದೂರದ ಹೊಲದಲ್ಲಿ ಬೆಳೆದ ಕಾಯಿಯ ಅಂಕಿ, ಸುಮಾರು 900 ಮೀಟರ್ ಎತ್ತರದ ಹೊಸೂರು ಪ್ರಸ್ಥಭೂಮಿಯ ಕೆಮ್ಮಣ್ಣಿನ ಕುಂಡಕ್ಕೆ ಹೇಗೆ ಹೊಂದೀತು?

ಬ್ಯಾಡಗಿಯೂ ಉಪ್ಪುಸಾರೂ ಹೇಳುವ ಮಾತು

ಘಮ, ಬಣ್ಣಗಳನ್ನು ಖಾರದಿಂದ ಬೇರೆ ಮಾಡಿ ಬೆಲೆ ಕಟ್ಟುವುದು ಕನ್ನಡಿಗರಿಗೆ ಹೊಸತಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆ ನಿಂತಿರುವುದೇ ಆ ತಿಳಿವಳಿಕೆಯ ಮೇಲೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಖಾರ ಹತ್ತು ಸಾವಿರ ಅಂಕದ ಆಸುಪಾಸು; ಗುಂಟೂರು ಸನ್ನಂನದು 35,000ದಿಂದ 40,000. ಖಾರವೇ ಬೆಲೆಯಾಗಿದ್ದರೆ ಗುಂಟೂರು ಯಾವಾಗಲೂ ಮೇಲಿರಬೇಕಿತ್ತು. ಆದರೆ ಸಾಮಾನ್ಯವಾಗಿ ಹೆಚ್ಚು ದರ ಸಿಗುವುದು ಬ್ಯಾಡಗಿಗೆ. ಅದರ ಬಣ್ಣದ ಸಾರ ಆಹಾರ ಉದ್ಯಮಕ್ಕೂ ತುಟಿಬಣ್ಣದಂಥ ಸೌಂದರ್ಯ ಸಾಮಗ್ರಿಗೂ ಹೋಗುತ್ತದೆ. ಅದರಲ್ಲೇ ಡಬ್ಬಿ, ಕಡ್ಡಿ ಎಂಬ ಎರಡು ಬಗೆ: ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು, ಬಣ್ಣಕ್ಕೂ ರುಚಿಗೂ ಹೆಸರಾದದ್ದು, ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಡಿಮೆ. ಕೊಳ್ಳುವವರು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುತ್ತಾರೆ. ಹುಳಿಪುಡಿ ಮಾಡುವ ಮನೆಗಳಲ್ಲಿ ಬಣ್ಣಕ್ಕೂ ಘಮಕ್ಕೂ ಬ್ಯಾಡಗಿ, ಖಾರಕ್ಕೆ ಒಂದು ಹಿಡಿ ಗುಂಟೂರು ಎಂದು ಬೆರೆಸುವುದೂ ಇದೇ ಲೆಕ್ಕ.

ಇನ್ನೂ ಹತ್ತಿರದ ಸಾಕ್ಷಿ ರಾಗಿ ಸೀಮೆಯ ಉಪ್ಪುಸಾರು. ಕಾಳು, ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು ಹಾಕಿ ಬಟ್ಟಲಿಗೆ ಬಡಿಸುತ್ತಾರೆ. ಸುಟ್ಟ ಅಥವಾ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ಅರೆದ ಖಾರ ತಟ್ಟೆಯ ಅಂಚಿನಲ್ಲಿ ಬೇರೆಯೇ ಕೂರುತ್ತದೆ. ಮುದ್ದೆ ಮುರಿದು ಅದ್ದುವವರು ತಮಗೆ ಬೇಕಾದಷ್ಟು ಖಾರವನ್ನು ಬೆರಳಲ್ಲಿ ತೆಗೆದು ಕಲಸಿಕೊಳ್ಳುತ್ತಾರೆ. ಅಜ್ಜನಿಗೆ ಒಂದು ಉಂಡೆ, ಮೊಮ್ಮಗಳಿಗೆ ಒಂದು ಚಿಟಿಕೆ. ಸಾರಿನ ರುಚಿ ಎಲ್ಲರಿಗೂ ಒಂದೇ, ಉರಿ ಅವರವರ ಅಳವಿಗೆ. ಖಾರವನ್ನು ಯಾವಾಗ ಬೇಕಾದರೂ ಸೇರಿಸಬಹುದು, ಊಟದ ಜೀವ ಬೇರೆಡೆ ಇದೆ ಎಂಬ ವಿವೇಕ ಈ ಒಂದು ತಟ್ಟೆಯಲ್ಲಿದೆ. ಹಬನೆರೊ ಹೋಲಿಸುವವರು ಹೊಸ ಶಾಸ್ತ್ರ ಕಲಿಯಬೇಕಿಲ್ಲ, ಈ ತಟ್ಟೆಯನ್ನು ನೆನೆದರೆ ಸಾಕು.

ಹಿತ್ತಲಲ್ಲಿ ಹೋಲಿಸುವ ಬಗೆ

ಹೋಲಿಕೆ ನ್ಯಾಯವಾಗಿರಬೇಕಾದರೆ ಬೆಳೆಯುವ ಹಂತದಲ್ಲೇ ಎಚ್ಚರ ಬೇಕು. ಹಬನೆರೊ ಬೀಜ ಮೊಳೆಯಲು ಬೆಚ್ಚಗಿನ ಮಣ್ಣು ಬೇಕು. ಎರಡರಿಂದ ನಾಲ್ಕು ವಾರ ಕಾಯಬೇಕಾಗುತ್ತದೆ. ಜವಳಗಿರಿ, ಥಳಿ ಕಡೆಯ ಚಳಿಗಾಲದ ರಾತ್ರಿಗಳು ತಣ್ಣಗಿರುವುದರಿಂದ ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಬಿತ್ತುವುದು ಒಳ್ಳೆಯದು. ಸಸಿ ನೆಟ್ಟು ಮೂರು ನಾಲ್ಕು ತಿಂಗಳಿಗೆ ಹಣ್ಣಾಗುತ್ತದೆ. ಹೋಲಿಸಬೇಕಾದ ತಳಿಗಳಿಗೆ ಒಂದೇ ಅಳತೆಯ ಕುಂಡ, ಒಂದೇ ಮಣ್ಣು ಗೊಬ್ಬರ, ಒಂದೇ ಬಿಸಿಲು, ಒಂದೇ ಪ್ರಮಾಣದ ನೀರು ಇರಬೇಕು. ಒಂದು ಗಿಡ ಬಾಡಿ ಇನ್ನೊಂದು ತಂಪಾಗಿದ್ದರೆ ಹೋಲಿಕೆ ನೀರಿನದಾಗುತ್ತದೆ, ತಳಿಯದಲ್ಲ. ನುಸಿ ಬಿದ್ದು ಎಲೆ ಮುದುಡುವ ಮುಟುರು ರೋಗ ಮೆಣಸಿನ ಗಿಡದ ಹಳೆಯ ಶತ್ರು. ರೋಗ ತಗುಲಿದ ಗಿಡದ ಕಾಯಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಪ್ರತಿ ತಳಿಯ ಒಂದೇ ಗಿಡದ ಒಂದೇ ಕಾಯಿ ನೋಡಿ ತೀರ್ಪು ಕೊಡಬಾರದು. ಎರಡು ಗಿಡ, ಗಿಡಕ್ಕೆ ನಾಲ್ಕೈದು ಹಣ್ಣು, ಎಲ್ಲವೂ ಪೂರ್ತಿ ಬಣ್ಣ ತಿರುಗಿದವು ಇರಲಿ.

ಕಿತ್ತ ಮೇಲೆ ಮೊದಲ ಕೆಲಸ ಮೂಗಿನದು. ಕಾಯಿಗಳಿಗೆ ಹೆಸರಿನ ಬದಲು ಸಂಖ್ಯೆ ಬರೆದು, ಬೆಳೆದವರಲ್ಲದ ಇಬ್ಬರು ಮೂವರಿಂದ ಮೂಸಿಸಿ ನೋಡಬೇಕು. ಹಣ್ಣಿನ ವಾಸನೆಯೇ, ಸೊಪ್ಪಿನದೇ, ಹೊಗೆಯದೇ, ಹೂವಿನದೇ ಎಂದು ಅವರವರ ಮಾತಲ್ಲೇ ಬರೆದುಕೊಳ್ಳಬೇಕು. ಆಮೇಲೆ ಕೈಗವಸು ತೊಟ್ಟು ಸೀಳಿ, ನಾರು ಬೀಜ ತೆಗೆದು, ತೊಟ್ಟಿನಿಂದ ದೂರದ ತುದಿಯ ಸಿಪ್ಪೆಯನ್ನು ಸಾಸಿವೆ ಕಾಳಿನಷ್ಟು ಹೆಚ್ಚಿ, ಒಂದು ಚಮಚ ಸಪ್ಪೆ ಅನ್ನಕ್ಕೆ ಬೆರೆಸಿ ರುಚಿ ನೋಡಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಮೊಸರು ತಿಂದು ಹತ್ತು ನಿಮಿಷ ಬಿಡಬೇಕು. ಉರಿದ ಬಾಯಿಗೆ ಮುಂದಿನ ಕಾಯಿಯ ಸುಳಿವು ಸಿಗದು. ಖಾರದ ಹೋಲಿಕೆ ಕೊನೆಯದು: ನಾರು ಸಹಿತ ಇಡೀ ಕಾಯಿಯನ್ನು ಅರೆದು, ಒಂದೇ ತೂಕವನ್ನು ಒಂದೇ ಅಳತೆಯ ಅನ್ನಕ್ಕೆ ಬೆರೆಸಿ, ಎಷ್ಟು ಅನ್ನ ಸೇರಿಸಿದ ಮೇಲೆ ತಿನ್ನಲು ಸಾಧ್ಯವಾಯಿತು ಎಂದು ನೋಡುವುದು. ಸ್ಕೊವಿಲ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಮಕ್ಕಳನ್ನು ಇದರಿಂದ ದೂರ ಇಡಬೇಕು. ಕೈಗೆ ಮೆತ್ತಿದರೆ ಮೊದಲು ಎಣ್ಣೆ ಸವರಿ ಆಮೇಲೆ ಸೋಪಿನಲ್ಲಿ ತೊಳೆಯಬೇಕು, ಅಲ್ಲಿಯವರೆಗೆ ಕಣ್ಣು ಮುಟ್ಟಬಾರದು.

ಆಕ್ಷೇಪಗಳು

ಖಾರವೇ ಮೆಣಸಿನಕಾಯಿಯ ಸುಖ, ಅದನ್ನು ಹಿಂದೆ ತಳ್ಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಖಾರದ ಸುಖ ನಿಜವಾದದ್ದೇ. ಅದಿಲ್ಲದ ಊಟ ನಮಗೆ ಸಪ್ಪೆ. ಕಟು ಆರು ರಸಗಳಲ್ಲಿ ಒಂದೆಂದು ಆಯುರ್ವೇದ ಎಣಿಸಿತ್ತು, ಆಗ ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಮೆಣಸು, ಶುಂಠಿ, ಹಿಪ್ಪಲಿ ಆ ಕೆಲಸ ಮಾಡುತ್ತಿದ್ದವು. ಆದರೆ ಖಾರ ಬೇಕಾದಾಗ ಅದನ್ನು ಯಾವ ಮೆಣಸಿನಕಾಯಿಂದಲೂ ತರಬಹುದು, ಒಂದು ಗುಂಟೂರು ಹೆಚ್ಚು ಹಾಕಿದರಾಯಿತು. ಹಬನೆರೊದ ಘಮವನ್ನು ಬೇರೆಲ್ಲಿಂದಲೂ ತರಲಾಗದು. ಕುಂಡ ನಾಲ್ಕೇ ಇರುವವರು ಬೇರೆಲ್ಲೂ ಸಿಗದ್ದಕ್ಕೆ ಜಾಗ ಕೊಡಬೇಕು. ಹಬನೆರೊದ ಉರಿಯ ಬಗೆಯೇ ಬೇರೆ, ನಿಧಾನ ಏರಿ ಗಂಟಲಲ್ಲಿ ನಿಲ್ಲುತ್ತದೆ ಎನ್ನುವ ಮಾತೂ ಇದೆ. ಖಾರದ ವಸ್ತುಗಳ ಪರಸ್ಪರ ಪ್ರಮಾಣ ತಳಿಯಿಂದ ತಳಿಗೆ ಬದಲಾಗುವುದರಿಂದ ಅದರಲ್ಲಿ ಹುರುಳಿರಬಹುದು. ಹಾಗಿದ್ದರೂ ಆ ಬಗೆಯನ್ನು ಪೊಟ್ಟಣದ ಅಂಕಿ ಹೇಳುವುದಿಲ್ಲ, ತಿಂದವರೇ ಹೇಳಬೇಕು.

ಅಂಕಿ ಎಲ್ಲರಿಗೂ ಒಂದೇ, ಮೂಗು ಒಬ್ಬೊಬ್ಬರದು ಒಂದೊಂದು ಎಂಬುದು ಎರಡನೆಯ ಆಕ್ಷೇಪ. ಯಂತ್ರದ ಅಳತೆ ಕರಾರುವಾಕ್ಕು ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಅಳೆದದ್ದು ಆ ಊರಿನ, ಆ ವರ್ಷದ, ಆ ಕಾಯಿಯನ್ನು. ತೇಜಪುರ, ಗ್ವಾಲಿಯರುಗಳ ಅಂತರ ನೋಡಿದ ಮೇಲೆ ಅದನ್ನು ನಮ್ಮ ಕುಂಡಕ್ಕೆ ಅನ್ವಯಿಸಲಾಗದು. ಹೆಸರು ಮುಚ್ಚಿ ಮೂರು ಮೂಗುಗಳು ಕೊಟ್ಟ ತೀರ್ಪು ನಮ್ಮದೇ ಕಾಯಿಯದು. ಬ್ಯಾಡಗಿಯಂಥ ಮಾರುಕಟ್ಟೆಯಲ್ಲಿ ಕಣ್ಣು, ಕೈ, ಮೂಗುಗಳ ಮೇಲೆ ವ್ಯಾಪಾರ ನಡೆದು ಬಂದಿದೆ ಎಂದರೆ ಪಳಗಿದ ಇಂದ್ರಿಯ ಅಳತೆಗೋಲಾಗಬಲ್ಲುದು ಎಂದೇ ಅರ್ಥ.

ನಮ್ಮ ಅಡುಗೆಯ ಹುಣಸೆ, ಇಂಗು, ಬೆಳ್ಳುಳ್ಳಿಗಳ ನಡುವೆ ಹಬನೆರೊದ ಘಮ ಉಳಿಯದು ಎಂಬ ಮೂರನೆಯ ಮಾತಿನಲ್ಲಿ ಸತ್ಯವಿದೆ. ಹಣ್ಣಿನ ಘಮ ಹಾರಿಹೋಗುವ ಜಾತಿಯದು. ಕುದಿಯುವ ಹುಳಿಗೆ ಹಾಕಿದರೆ ಉರಿ ಉಳಿದು ಘಮ ಹೋಗುತ್ತದೆ. ಹುಳಿಪುಡಿಗೆ ಹಬನೆರೊ ಬ್ಯಾಡಗಿಯ ಜಾಗ ತುಂಬಲಾರದು, ತುಂಬಬೇಕಾಗಿಯೂ ಇಲ್ಲ. ಒಲೆಯಿಂದ ಇಳಿಸಿದ ಮೇಲೆ ಸೇರಿಸುವಂಥ ಕಡೆ ಅದು ಹೊಂದುತ್ತದೆ: ಅನಾನಸಿನ ಗೊಜ್ಜು, ಮಾವಿನಕಾಯಿ ಚಟ್ನಿ, ಸೌತೆಕಾಯಿ ಮೊಸರುಬಜ್ಜಿ. ಸಿಹಿ, ಹುಳಿ ಎರಡೂ ಇರುವ ಅಡುಗೆಯಲ್ಲಿ ಅದರ ಹಣ್ಣಿನ ಘಮ ಎದ್ದು ಕಾಣುತ್ತದೆ.

ಪರದೇಶದ ತಳಿ ನಮಗೇಕೆ ಎಂಬುದು ಕೊನೆಯ ಪ್ರಶ್ನೆ. ಮೆಣಸಿನಕಾಯಿಯೇ ಪರದೇಶದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕನ್ನಡ ಅದಕ್ಕೆ ತನ್ನಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದು ಮನೆಯೊಳಗೆ ಸೇರಿಸಿಕೊಂಡಿತು. ಹೊಸತನ್ನು ಬೆಳೆಯುವುದರಲ್ಲಿ ತಪ್ಪಿಲ್ಲ, ಹೊಸತರ ಭರದಲ್ಲಿ ಮನೆಯ ಹಳೆಯ ಬೀಜ ಕಳೆದುಕೊಳ್ಳುವುದು ತಪ್ಪು. ಪಕ್ಕದಲ್ಲಿ ಖಾರದ ಗಿಡ ಇಟ್ಟರೆ ದೊಣ್ಣೆ ಮೆಣಸಿನಕಾಯಿಯೂ ಖಾರವಾಗುತ್ತದೆ ಎಂಬ ಭಯ ಹಲವರಿಗಿದೆ. ಈ ವರ್ಷದ ಕಾಯಿಯ ನಾರು ತಾಯಿಗಿಡದ್ದೇ ಆದ್ದರಿಂದ ಹಾಗಾಗದು. ಆದರೆ ಜೇನುನೊಣ, ಇರುವೆಗಳು ಪರಾಗ ಬೆರೆಸುವುದರಿಂದ ಅದರ ಬೀಜ ಬಿತ್ತಿದಾಗ ಮುಂದಿನ ವರ್ಷ ಗುಣ ಬದಲಾಗಬಹುದು. ತಳಿ ಉಳಿಸಿಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಅಲ್ಲಿ.

ಯಾವ ಕಾಯಿಯ ಬೀಜ ಎತ್ತಿಡಬೇಕು

ಈ ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಬೀಜದ ಹತ್ತಿರ. ಖಾರದ ದಾಖಲೆ ಮುರಿಯುವ ಓಟ 2023ರಲ್ಲಿ ಪೆಪ್ಪರ್ ಎಕ್ಸ್ ಎಂಬ ತಳಿಯ 26,93,000 ಅಂಕಕ್ಕೆ ಮುಟ್ಟಿದೆ. ಅದನ್ನು ಯಾವ ಮನೆಯೂ ಸಾರಿಗೆ ಹಾಕುವುದಿಲ್ಲ. ನಮ್ಮ ನಾಲಿಗೆಯಲ್ಲಿ ಉಳಿದದ್ದು ಬ್ಯಾಡಗಿ, ಮಲೆನಾಡಿನ ಜೀರಿಗೆ ಮೆಣಸು, ಗುಂಡು ಮೆಣಸಿನಕಾಯಿ. ಎಷ್ಟೋ ತಲೆಮಾರಿನ ರೈತರು, ಹೆಂಗಸರು ಘಮ, ಬಣ್ಣ, ಹದ ನೋಡಿ ಬೀಜ ಎತ್ತಿಟ್ಟದ್ದರಿಂದ ಅವು ಉಳಿದವು. ಈ ಸಲ ಹಬನೆರೊ ಬೆಳೆದವರೂ ಅದನ್ನೇ ಮಾಡಲಿ. ಮೂಗು ಮೆಚ್ಚಿದ ಗಿಡದ ಒಂದು ರೆಂಬೆಗೆ, ಮೊಗ್ಗು ಅರಳುವ ಮೊದಲೇ, ತೆಳು ಬಟ್ಟೆಯ ಚೀಲ ಕಟ್ಟಿ. ದಿನಕ್ಕೊಮ್ಮೆ ರೆಂಬೆಯನ್ನು ಮೆಲ್ಲಗೆ ಅಲುಗಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ದಾರ ಕಟ್ಟಿ. ಪೂರ್ತಿ ಹಣ್ಣಾದ ಮೇಲೆ ಬೀಜ ತೆಗೆದು ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಇಡಿ. ಪೊಟ್ಟಣದ ಮೇಲೆ ಖಾರದ ಅಂಕಿ ಬರೆಯಬೇಡಿ, ಘಮ ಹೇಗಿತ್ತು ಎಂದು ಬರೆಯಿರಿ.